ಮಣ್ಣಿನ ರೊಟ್ಟಿಯ ಆಟ

ನನ್ನ ಮಗಳು ಗೌರಾ ಏನನ್ನೂ ಕೇಳುವುದಿಲ್ಲ. ಐದು ತುಂಬಿದ ಕೂಸು. ಬೆಲ್ಲ ಕೇಳುವುದಿಲ್ಲ, ಬಳೆ ಕೇಳುವುದಿಲ್ಲ, ಎತ್ತಿಕೋ ಎಂದು ಕೈ ಚಾಚುವುದಿಲ್ಲ. ಓಣಿಯ ಹೆಂಗಸರು, "ಭಾಳ ಶಾಣ್ಯಾ ಹುಡುಗಿ ಬಿಡ್ರಿ ನಿಮ್ಮದು, ಹಟಾ ಅಂಬೂದ ಗೊತ್ತಿಲ್ಲ" ಎಂದು ಹೊಗಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ.

ನಾನು ಮೊದಲೇ ಪುಕ್ಕಲು ಜೀವ. ಧಾರವಾಡದಲ್ಲಿ ಹುಟ್ಟಿ, ಅಲ್ಲಿಯೇ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿತು, ಗೋಕಾಕಕ್ಕೆ ಸೊಸೆಯಾಗಿ ಬಂದವಳು. ಹೊಳೆಯ ನೀರು ಕುದಿಸಿ, ಸೋಸಿ, ಮತ್ತೆ ಕುದಿಸುತ್ತೇನೆ. ಮಗಳಿಗೆ ಹಲ್ಲು ತಡವಾಯಿತೆಂದು ಅತ್ತಿದ್ದೇನೆ, ಬೇಗ ನಡೆದಳೆಂದು ಕಾಲು ಸೊಟ್ಟಗಾದೀತೇ ಎಂದು ಹೆದರಿದ್ದೇನೆ. ಅದೆಲ್ಲಕ್ಕೂ ಯಾರೋ ಒಬ್ಬರು ಒಂದು ಔಷಧ ಹೇಳುತ್ತಿದ್ದರು. ಕೇಳದ ಕೂಸಿಗೆ ಯಾವ ಔಷಧ?

ನಮ್ಮ ಗೋಡೆಗೆ ಗೋಡೆ ಹಚ್ಚಿ ಅರಳೆ ವ್ಯಾಪಾರದ ಜಿನಪ್ಪನವರ ಮನೆ. ಅವರು ಜೈನರು, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತಾರೆ. ನಮ್ಮಲ್ಲಿ ಪೂಜೆಯಾಗಿ, ದೀಪ ಹಚ್ಚಿದ ಮೇಲೆಯೇ ತಾಟು. ಒಂದು ಸಂಜೆ ಜಿನಪ್ಪನವರ ಹೆಂಡತಿ ರಾಜಮತಿಬಾಯಿ ಗೌರಾನ ಕೈ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಏನ್ರಿ, ನಿಮ್ಮ ಮನ್ಯಾಗ ಯಾವಾಗಿಂದ ಹಗಲಾಗ ಉಣ್ಣಾಕ ಹತ್ತೀರಿ? ಜೈನರಾಗೀರೇನು?"

"ಯಾಕ್ರಿ?"

"ನಮ್ಮ ಹುಡುಗೂರ ಜೋಡಿ ಕುಂಡ್ರಿಸಿ ತಾಟ ಹಚ್ಚಿದ್ರ, 'ಉಂಡ ಬಂದೇನ್ರಿ' ಅಂತ ಕೈ ಹಿಂದ ಕಟಗೊಂಡು ನಿಂತಾಳ. ಹೊಟ್ಟಿ ನೋಡಿದ್ರ ಬೆನ್ನಿಗೆ ಹತ್ತೈತಿ. ಇಷ್ಟ ಸಣ್ಣ ಬಾಯಾಗ ಇಷ್ಟ ದೊಡ್ಡ ಸುಳ್ಳ ಎಲ್ಲಿಂದ ಬಂತ್ರಿ?"

ರಾಜಮತಿಬಾಯಿ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಒಳಗೆ ಬಂದು ಗೌರಾನನ್ನು ಕೇಳಿದೆ, "ಹಸಿವ್ಯಾಗಿಲ್ಲೇನ ನಿನಗ?" ಅವಳು ನನ್ನ ಮುಖ ನೋಡಿದಳು. ಯಾವ ಉತ್ತರ ಹೇಳಿದರೆ ಅವ್ವ ಸಿಟ್ಟಾಗುವುದಿಲ್ಲ ಎಂದು ಹುಡುಕುವ ನೋಟ ಅದು. ನಮ್ಮ ಹಗೇವು ತುಂಬ ಜೋಳವಿದೆ. ನಾನು ಅವಳನ್ನು ಒಂದು ಹೊತ್ತು ಉಪವಾಸ ಕೆಡವಿದವಳಲ್ಲ. ಹಾಗಿದ್ದರೆ ಈ ಮಾತನ್ನು ಅವಳಿಗೆ ಕಲಿಸಿದವರು ಯಾರು?

ಅದು ಸ್ವಲ್ಪ ದಿನದ ಮೇಲೆ ಗೊತ್ತಾಯಿತು. ಸಂಬಂಧಿಕರ ಮನೆಯಲ್ಲಿ ನಿಶ್ಚಯದ ಊಟ. ಹೋಳಿಗೆ ಬಡಿಸುವಾಕೆ ಗೌರಾನ ಮುಂದೆ ಬಂದಳು. ಗೌರಾ ಹೋಳಿಗೆಯತ್ತ ನೋಡಿದಳು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರ ಎಡಗೈ ಅವಳ ತೋಳಿನ ಒಳಬದಿಗೆ ಹೋಯಿತು. ಹೆಬ್ಬೆರಳು, ತೋರುಬೆರಳು. ಕೂಸು ಅಳಲಿಲ್ಲ. "ಬ್ಯಾಡ್ರಿ, ಸಾಕು" ಎಂದಿತು.

ಮನೆಗೆ ಬಂದು ಕೇಳಿದರೆ ಇವರು, "ನಾ ಎಲ್ಲಿ ಚೂಟೇನಿ?" ಎಂದರು. ಸುಳ್ಳು ಹೇಳುವ ಗಂಡಸಲ್ಲ. ಗೌರಾನ ಕುಬಸದ ತೋಳು ಸರಿಸಿ ನೀಲಿ ಕಲೆ ತೋರಿಸಿದೆ. ಇವರು ಅದನ್ನು ನೋಡಿದರು, ತಮ್ಮ ಬೆರಳು ನೋಡಿಕೊಂಡರು, ಎದ್ದು ಹಿತ್ತಲಿಗೆ ಹೋದರು.

ಗಂಡನ ಹೆಸರು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಓದುವವರಿಗೆ ತಿಳಿಯಬೇಕಲ್ಲ. ರಾಚಪ್ಪ. ಗೋಕಾಕದ ಕೋರ್ಟಿನಲ್ಲಿ ಕಾರಕೂನರು. ಅಕ್ಷರ ಮುತ್ತಿನಂಥದು, ನಡತೆ ಅದಕ್ಕಿಂತ ಚೊಕ್ಕ. ಮದುವೆಯಾದ ಹೊಸದರಲ್ಲಿ ನಾನು ಇವರನ್ನು ಗರ್ವಿಷ್ಠರು ಎಂದುಕೊಂಡಿದ್ದೆ. ಎರಡನೆಯ ರೊಟ್ಟಿ ಎಂದೂ ಕೇಳುತ್ತಿರಲಿಲ್ಲ. ನಾನು ಹಾಕಲು ಮರೆತರೆ ಸುಮ್ಮನೆ ಕೈ ತೊಳೆದು ಏಳುತ್ತಿದ್ದರು. ನನ್ನ ಅಡಿಗೆ ಸೇರುವುದಿಲ್ಲವೇನೋ ಎಂದು ಒಲೆಯ ಮುಂದೆ ಕೂತು ಎಷ್ಟು ಸಲ ಕಣ್ಣೀರು ಹಾಕಿದ್ದೇನೋ. ಗೌರಾ ಹುಟ್ಟಿದ ಮೇಲೆ, ಅವಳು ಓಡಿಬಂದು ಕಾಲು ತಬ್ಬಿದರೆ, ಇವರು ಕಂಬದಂತೆ ನಿಲ್ಲುತ್ತಿದ್ದರು. ಕೈ ಎಲ್ಲಿ ಇಡಬೇಕೋ ತಿಳಿಯದ ಹಾಗೆ. ಬರಬರುತ್ತ ಅವಳು ಓಡಿಬರುವುದನ್ನು ಬಿಟ್ಟಳು.

ಒಮ್ಮೆ ಮಾತ್ರ, ಯಾರದೋ ಕಥೆ ಹೇಳುವಂತೆ, ಮೂಡಲಗಿಯ ಸಾಲಿಯ ಸಂಗತಿ ಹೇಳಿದ್ದರು. ಇವರು ಮೂಡಲಗಿಯಲ್ಲಿ ದೂರದ ಬಳಗದವರ ಮನೆಯಲ್ಲಿ ಬಿದ್ದುಕೊಂಡು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಕಲಿತವರು. ಅಲ್ಲಿ ಹಣಮಂತ ಎಂಬ ಗೆಳೆಯ. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಿ, "ಬಾರಲೇ ರಾಚ್ಯಾ" ಎಂದು ಅರ್ಧ ಸರಿಸುತ್ತಿದ್ದ. ಇವರು "ಉಂಡ ಬಂದೇನಿ" ಎಂದು ಬಾವಿಯ ಕಡೆ ಹೋಗಿ ಹೊಟ್ಟೆ ತುಂಬ ನೀರು ಕುಡಿದು ಬರುತ್ತಿದ್ದರು. ಹೀಗೇ ನಡೆದು ನಡೆದು ಹಣಮಂತ ಒಂದು ದಿನ, "ನಮ್ಮ ಮನಿ ರೊಟ್ಟಿ ನಿನಗ ನಡಿಯೂದಿಲ್ಲೇನಲೇ? ನಾವೇನ ಅಷ್ಟ ಕೀಳ?" ಎಂದ. ಇವರು ಅಂದೂ ಎದ್ದು ಬಾವಿಯ ಕಡೆ ಹೋದರು. ಮರುದಿನದಿಂದ ಹಣಮಂತ ಬೇರೆಯವರ ಜೊತೆ ಕೂತು ಉಣ್ಣತೊಡಗಿದ.

"ಹಸಿವ್ಯಾಗೇತಿ ಅನ್ನಬೇಕಿತ್ತು ನೀವು" ಎಂದೆ.

"ಹಾಂಗ ಅನ್ನಾಕ ಬರತಿದ್ದಿಲ್ಲ" ಎಂದರು ಇವರು. ಈಜಲು ಬರುತ್ತಿರಲಿಲ್ಲ ಎನ್ನುವ ಹಾಗೆ.

ಮತ್ತೆ ಇವರಿಗೆ ಗೆಳೆಯರಾಗಲಿಲ್ಲ. ಇಂದಿಗೂ ಇಲ್ಲ.

ಇವರಿಗೆ ಇರುವವಳು ಒಬ್ಬಳೇ ಅಕ್ಕ, ಮರೆವ್ವ. ಹುಕ್ಕೇರಿ ತಾಲೂಕಿನ ಕಣಗಲಾಕ್ಕೆ ಕೊಟ್ಟಿದ್ದಾರೆ. ಗಂಡ ಯಲ್ಲಪ್ಪನದು ಸ್ವಲ್ಪ ಹೊಲ. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಎಂಥ ಬಡವರ ಮನೆಯ ಮಗಳಾದರೂ ಅಣ್ಣನೋ ತಮ್ಮನೋ ಹೋಗಿ ಕರೆದು ತರುತ್ತಾನೆ. ತವರಿನಲ್ಲಿ ರೊಟ್ಟಿ, ಉಂಡಿ, ಜೋಕಾಲಿ. ಯಾರೂ ಕರೆಯಲು ಬಾರದೆ ತಾನಾಗಿ ಗಂಟು ಹೊತ್ತು ಹೊರಟವಳನ್ನು ಊರು ನೋಡಿ ನಗುತ್ತದೆ. ನಾನು ಬಂದ ಮೊದಲ ವರ್ಷವೇ ಕೇಳಿದ್ದೆ, "ಅಕ್ಕಾರನ್ನ ಕರ್ಯಾಕ ಹೋಗೂದಿಲ್ಲೇನ್ರಿ?"

"ಆಕಿ ಬರೂದಿಲ್ಲ."

"ಕರದ್ರ ಯಾಕ ಬರೂದಿಲ್ಲ?"

"ನೌಕರಿ ಹತ್ತಿದ ವರ್ಷ ಹೋಗಿದ್ದೆ. ಒಲ್ಲೆ ಅಂದ್ಲು. ಒಲ್ಲೆ ಅಂದವರನ್ನ ಕಾಡಬಾರದು."

ಆ ಮೇಲೆ ನಾನೂ ಕೇಳುವುದನ್ನು ಬಿಟ್ಟೆ. ಅಕ್ಕ ತಮ್ಮನ ನಡುವೆ ಬಾಯಿ ಹಾಕಿ ಕೆಟ್ಟವಳಾಗುವುದು ಯಾಕೆ ಎಂದು.

ಕಳೆದ ಚಳಿಗಾಲದಲ್ಲಿ, ಜಪಾನದ ಯುದ್ಧ ಮುಗಿದ ಮೇಲಿನ ಮೊದಲ ಸುಗ್ಗಿ, ಇವರಿಗೆ ಹುಕ್ಕೇರಿಯ ಕಚೇರಿಯಲ್ಲಿ ಕೆಲಸ ಬಿತ್ತು. ನನ್ನನ್ನೂ ಗೌರಾನನ್ನೂ ಕಣಗಲಾದಲ್ಲಿ ಬಿಟ್ಟು ಹೋದರು. ಬಿಟ್ಟು ಹೋದದ್ದೂ ಹೇಗೆ! ಕಟ್ಟೆಯ ಮೇಲೆ ತುದಿಯಲ್ಲಿ ಕೂತರು. ಅಕ್ಕನಿಗೆ ತಂದ ಸೀರೆ ಪಕ್ಕಕ್ಕಿಟ್ಟರು. ಮರೆವ್ವಕ್ಕ, "ಇದ್ಯಾಕ ತಂದೆಪಾ, ನನಗ ಸೀರಿ ಅದಾವು" ಎಂದರು. "ಊಟಕ್ಕ ಏಳು" ಎಂದರೆ ಇವರು, "ಉಂಡ ಬಂದೇನಿ" ಎಂದರು. ಇಬ್ಬರೂ ಒಂದು ಸ್ವಲ್ಪ ಹೊತ್ತು ಒಂದೇ ಬೇವಿನ ಗಿಡವನ್ನು ನೋಡುತ್ತ ಕೂತಿದ್ದು ಇವರು ಎದ್ದು ಹೋದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೋ, ಬಸ್ಸಿನಲ್ಲಿ ಬಾಜೂ ಕೂತವರೋ ತಿಳಿಯುತ್ತಿರಲಿಲ್ಲ.

ಮರುದಿನ ಮುಂಜಾನೆ ಮರೆವ್ವಕ್ಕ ರೊಟ್ಟಿ ಬಡಿಯುತ್ತಿದ್ದರು. ಎತ್ತರದ ಒಣ ಮೈ, ಬಾಯಿ ಮಾತ್ರ ಹಸಿಹಸಿ. ಮೊದಲ ರೊಟ್ಟಿ ಉಬ್ಬಿ ಬಂದದ್ದೇ ಅದಕ್ಕೆ ಬೆಣ್ಣೆ ಸವರಿ ಗೌರಾನತ್ತ ಚಾಚಿದರು.

"ಬಾರ ನನ್ನ ಗೌಡ್ತಿ, ಅತ್ತಿ ಕೈಯಾಗಿನ ಬಿಸಿ ರೊಟ್ಟಿ ತಿನ್ನು."

ಗೌರಾ ಕೈ ಹಿಂದೆ ಕಟ್ಟಿಕೊಂಡಳು. ಮುಖ ಬೇರೆ ಕಡೆ ತಿರುಗಿಸಿದಳು. "ಉಂಡ ಬಂದೇನ್ರಿ."

ಮರೆವ್ವಕ್ಕನ ಕೈ ಚಾಚಿದ್ದು ಚಾಚಿದಂತೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂದರೂ ಅವರಿಗೆ ಎಚ್ಚರವಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ಇದನ್ನ ಇಕಿಗೆ ಯಾರು ಕಲಿಸಿದ್ರು?"

ಉತ್ತರಕ್ಕೆ ಕಾಯದೆ ಅವರು ಗೌರಾನನ್ನು ಹತ್ತಿರಕ್ಕೆಳೆದು ಕುಬಸದ ತೋಳು ಮೇಲೆ ಮಾಡಿದರು. ಆ ಕಲೆ ಎಂದೋ ಹೋಗಿತ್ತು. ಆದರೂ ಸರಿಯಾಗಿ ಅದೇ ಜಾಗದ ಮೇಲೆ, ತೋಳಿನ ಒಳಬದಿಯ ಮೇಲೆ, ಅವರು ಅಂಗೈ ಇಟ್ಟು ಮುಚ್ಚಿದರು.

"ನಾನು ಕಲಿಸಿದ್ದವ್ವಾ ಇದು" ಎಂದರು.

ಆಮೇಲೆ ಹಿಟ್ಟು ನಾದುತ್ತ ನಾದುತ್ತ, ನಡುನಡುವೆ ನಗುತ್ತ, ಹೇಳಿದರು. ನನಗೆ ಈಗಲೂ ಆ ನಗುವೇ ಹೆಚ್ಚು ಕಾಡುತ್ತದೆ.

ಅವರದು ಗೋಕಾಕ ತಾಲೂಕಿನ ಮಮದಾಪುರ. ಸಾವಿರದ ಒಂಬೈನೂರ ಹದಿನೆಂಟರ ದೊಡ್ಡ ಜ್ವರದಲ್ಲಿ ಅವ್ವ ಅಪ್ಪ ಇಬ್ಬರೂ ಹೋದರು. ಆಗ ಮರೆವ್ವಕ್ಕ ಹತ್ತರ ಹುಡುಗಿ, ಇವರಿಗೆ ಗೌರಾನ ವಯಸ್ಸು. ಇಬ್ಬರೂ ಕಾಕಾ ಲಕ್ಕಪ್ಪನ ಮನೆ ಸೇರಿದರು.

"ಕಾಕಾ ಕೆಟ್ಟಾವಲ್ಲ. ಚಿಗವ್ವ ಕೆಂಪವ್ವನೂ ಕೆಟ್ಟಾಕಿ ಅಲ್ಲ, ಸುಳ್ಳ ಯಾಕ ಹೇಳಲಿ. ಆ ವರ್ಷ ಮಳಿ ಇದ್ದಿಲ್ಲ, ಆಕಿ ಹೊಟ್ಯಾಗಿನವ ಒಂದು ಹಿಂಡ ಇದ್ದೂ. ಗಡಿಗ್ಯಾಗಿನ ನುಚ್ಚು ಅವಕ್ಕ ಸಾಲತಿದ್ದಿಲ್ಲ. ನಾವಿಬ್ರು ಕಡೀಕ ಕುಂಡ್ರತಿದ್ವಿ. ಬಂದ್ರ ಬಂತು, ಇಲ್ಲಂದ್ರ ಗಡಿಗಿ ತೊಳದ ನೀರು."

ಓಣಿಯವರು ಕರುಣೆಯಿಂದ ಹುಡುಗನನ್ನು ಕರೆದು ಒಂದು ತುಂಡು ರೊಟ್ಟಿ ಕೊಡುತ್ತಿದ್ದರು. ಇವರು ತಿಂದು ಬರುತ್ತಿದ್ದರು. ಅದು ಕೆಂಪವ್ವನ ಕಿವಿಗೆ ಬಿತ್ತು. "ನಾವು ಉಪಾಸ ಕೆಡವೇವಿ ಅಂತ ಊರ ತುಂಬ ಡಂಗುರಾ ಹೊಡಿಯಾಕತ್ತೀರೇನು?" ಎಂದು ಕೂಗಾಡಿದಳು. ಆ ದಿನ ಇಬ್ಬರಿಗೂ ತಾಟು ಬರಲಿಲ್ಲ. ಹೊರಗೆ ಹಾಕಿಬಿಟ್ಟರೆ ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಹತ್ತು ವರ್ಷದ ಹುಡುಗಿಗೆ ಹೊಕ್ಕಿತು.

"ಇವಗ ಕಲಸಬೇಕು ಅಂದ್ಕೊಂಡೆ. ಹೇಳಿದ್ರ ತಿಳಿಯೂ ವಯಸ್ಸಲ್ಲ. ಅದಕ್ಕ ಆಟ ಮಾಡಿದೆ. ಹಿತ್ತಲದಾಗ ಔಡಲ ಎಲಿ ಮ್ಯಾಲ ಹಸಿ ಮಣ್ಣಿನ ರೊಟ್ಟಿ ತಟ್ಟಿ ಇಡತಿದ್ದೆ. ನಾ ಗೌಡ್ರ ಮನಿ ಅವ್ವಾರು ಆಗತಿದ್ದೆ. 'ಬಾರೋ ಕೂಸ, ಬಿಸಿ ರೊಟ್ಟಿ ಐತಿ, ಬೆಣ್ಣಿ ಹಚ್ಚೇನಿ' ಅಂತ ಕರಿಯೂದು. ಅವ ಕೈ ಹಿಂದ ಕಟಗೊಂಡು 'ಉಂಡ ಬಂದೇನ್ರಿ' ಅನ್ನಬೇಕು. ಕಣ್ಣು ಎಲಿ ಮ್ಯಾಲ ಹೋದ್ರ ಸೋತಂಗ. ಸೋತ್ರ ಇಲ್ಲಿ ಒಂದು ಚೂಟಿ." ಅವರು ಗೌರಾನ ತೋಳನ್ನು ಮುಟ್ಟಿ ತೋರಿಸಿದರು. "ಮಣ್ಣಿನ ರೊಟ್ಟಿಗೂ ಆಸಿ ಮಾಡತಿದ್ದ, ಖೋಡಿ! ಬಾಯಾಗ ನೀರ ಬರತಿದ್ದೂ."

ನಕ್ಕರು. ಗೌರಾನೂ ನಕ್ಕಳು, ಅದೊಂದು ಚಂದದ ಆಟವೆಂದು.

"ಮುಂದ?" ಎಂದೆ ನಾನು.

"ಮುಂದೇನು, ಶಾಣ್ಯಾ ಆದ. ಯಾರ ಕರದ್ರೂ ಒಲ್ಲೆ. ಚಿಗವ್ವ ಖುಷಿ ಆದ್ಲು, 'ಮಾನವಂತ ಹುಡುಗ' ಅಂದ್ಲು. ಆಮ್ಯಾಲ ಒಂದಿನಾ ನಾ ಕಳೆ ತಗ್ಯಾಕ ಹೋದಲ್ಲಿ ಒಂದ ರೊಟ್ಟಿ ಸಿಕ್ಕಿತು. ಖರೇ ರೊಟ್ಟಿ, ಮ್ಯಾಲ ಪುಂಡಿಪಲ್ಯಾ. ನಾ ಮುಟ್ಟಲಿಲ್ಲವ್ವಾ. ಉಡಿಯಾಗ ಕಟಗೊಂಡು ಓಡಿ ಬಂದು, ಅದಽ ಹಿತ್ತಲದಾಗ ಅವನ್ನ ಕರದು ಕೈಯಾಗ ಕೊಟ್ಟೆ. ಅವ ಹಿಂದಕ್ಕ ಸರದ. ಕೈ ಹಿಂದ ಕಟಗೊಂಡ. 'ಉಂಡ ಬಂದೇನ್ರಿ' ಅಂದ. 'ಲೇ ಹುಚ್ಚಾ, ಇದು ಆಟಲ್ಲ, ಖರೇ ರೊಟ್ಟಿ ಐತಿ, ನೋಡ, ವಾಸನಿ ನೋಡ' ಅಂದೆ. ಮತ್ತ 'ಉಂಡ ಬಂದೇನ್ರಿ'. ಕಣ್ಣು ಸೈತ ರೊಟ್ಟಿ ಮ್ಯಾಲ ಹೋಗಲಿಲ್ಲ. ಗೆದ್ದಬಿಟ್ಟಿದ್ದ."

ಅವರು ಕರಕಲಾದ ರೊಟ್ಟಿಯನ್ನು ಹಂಚಿನಿಂದ ತೆಗೆದು ಬದಿಗಿಟ್ಟರು.

"ಆವತ್ತಿಂದ ನನ್ನ ಮುಂದೂ ಹಸಿವು ಅನ್ನಲಿಲ್ಲ. ಬ್ಯಾನಿ ಅನ್ನಲಿಲ್ಲ. ನಾ ಮದಿವ್ಯಾಗಿ ಬಂಡಿ ಏರಿದಾಗ ಅಳಲಿಲ್ಲ. ಬಂಡಿ ಹಿಂದ ಓಡಿ ಬರತಾನ ಅಂತ ಊರ ದಾಟೂ ತನಕಾ ನಾ ತಿರಗಿ ನೋಡಕೋತ ಬಂದೆ. ಬರಲಿಲ್ಲ."

ಹೆಣ್ಣುಮಗಳೊಬ್ಬಳು ತಾನೂ ಕೂಸಾಗಿದ್ದಾಗ, ತಮ್ಮನನ್ನು ಉಳಿಸಿಕೊಳ್ಳಲು ತನಗೆ ತಿಳಿದದ್ದು ಮಾಡಿದಳು. ಅದರಿಂದ ಇಬ್ಬರಿಗೂ ಒಂದು ಸೂರು ಉಳಿಯಿತು, ಜೀವವೂ ಉಳಿಯಿತು. ಅವಳನ್ನು ತಪ್ಪುಗಾರ್ತಿ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಹೊಟ್ಟೆಗೆ ಸಿಕ್ಕ ಮೇಲೂ ಆ ಆಟ ಮುಗಿಯಲಿಲ್ಲವಲ್ಲ. ಮುಗಿಯಿತು, ಇನ್ನು ಕೈ ಚಾಚು ಎಂದು ಆ ಹುಡುಗನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವಳು ಬಂಡಿ ಏರಿ ಹೋಗಿದ್ದಳು.

ಆಗ ನಾನು ಪಂಚಮಿಯ ಮಾತು ತೆಗೆದೆ. "ಅಕ್ಕಾರ, ಇವರು ಕರ್ಯಾಕ ಬಂದಿದ್ರಂತಲ್ರಿ. ನೀವು ಯಾಕ ಒಲ್ಲೆ ಅಂದ್ರಿ?"

ಅವರು ಹಂಚಿನ ಮೇಲೆ ಹೊಸ ರೊಟ್ಟಿ ಹಾಕಿದರು.

"ಮದಿವ್ಯಾದ ಮೊದಲನೇ ಪಂಚಮಿಗೆ ಗಂಟ ಕಟಗೊಂಡು ಬಾಗಲದಾಗ ಕುಂತಿದ್ದೆ. ಕಾಕಾ ಯಾರನ್ನೂ ಕಳಿಸಲಿಲ್ಲ. ತಮ್ಮ ಇನ್ನಾ ಸಣ್ಣಾಂವ. ನಮ್ಮತ್ತಿ, 'ಏನವಾ, ನಿಮ್ಮ ತವರಮನಿ ಹೊಳ್ಯಾಗ ತೇಲಿ ಹೋತೇನು?' ಅಂದ್ಲು. ಮರುವರ್ಷ ನಾನಽ ಮೊದಲ ಅಂದೆ, ಹೊಲದಾಗ ಕಳೆ ಐತ್ರಿ, ನಾ ಹೋಗೂದಿಲ್ಲ ಅಂತ. ಪ್ರತಿ ವರ್ಷಾ ಅದನ್ನಽ ಅಂತಿದ್ದೆ. ಇವಗ ನೌಕರಿ ಹತ್ತಿತು, ಹೊಸಾ ಧೋತರಾ ಉಟಗೊಂಡು ಬಂದ. ಆ ಬಾಗಲದಾಗ ನಿಂತು 'ಅಕ್ಕಾ, ಪಂಚಮಿಗೆ ಬಾ' ಅಂದ. ನನ್ನ ಬಾಯಿಗೆ ಅದಽ ಮಾತ ಬಂತು: 'ಬ್ಯಾಡೋ ತಮ್ಮಾ, ಹೊಲದಾಗ ಕಳೆ ಐತಿ.' ಇನ್ನೊಮ್ಮೆ ಕರೀತಾನ ಅಂದ್ಕೊಂಡೆ. ಮೊದಲನೇ ಮಾತಿಗೆ ಹೂಂ ಅಂತ ಎದ್ದು ನಿಲ್ಲೂ ಹೆಣಮಗಳು ಯಾರದಾಳವ್ವಾ? ಎರಡನೇ ಸಲ ಅಂದಿದ್ರ ಸಾಕಿತ್ತು. ಅವ ಎದ್ದು ಚಪ್ಪಲಿ ಮೆಟ್ಟಿದ. ಚಲೋ ಕಲಸೇನಿ ನೋಡ ನಾ!"

ಮತ್ತೆ ಅದೇ ನಗು.

ನನಗೆ ಅಳು ಬಂದುಬಿಟ್ಟಿತು. ಇವರು ಒಲ್ಲೆ ಎಂದರೆ ಒಲ್ಲೆ ಎಂದೇ ತಿಳಿಯುವವರು. ಬೇಕೆಂದು ಅನ್ನಲು ಬಾರದವರು ಒಲ್ಲೆ ಎನ್ನುತ್ತಾರೆಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು! ಇವರೇ ಆ ಮಾತಿನ ಒಳಗೆ ಬೆಳೆದವರು. ಒಳಗಿದ್ದವರಿಗೆ ಹೊರಗಿನಿಂದ ಕಾಣಲಿಲ್ಲ.

ಬಾಗಿಲ ಹಿಂದಿನ ಗೂಟಕ್ಕೆ ಒಂದು ಅರಿವೆ ತೂಗುಬಿದ್ದಿತ್ತು, ಹಳೆಯ ಗಂಟಿನ ಅರಿವೆ, ನಾಲ್ಕೂ ಮೂಲೆ ಕಟ್ಟಿ ಕಟ್ಟಿ ಸುಕ್ಕಾದದ್ದು. ನನ್ನ ಕಣ್ಣು ಅಲ್ಲಿ ಹೋದದ್ದನ್ನು ನೋಡಿ ಮರೆವ್ವಕ್ಕ ತಾವಾಗಿ ಹೇಳಿದರು.

"ಪಂಚಮಿ ಬಂದ್ರ ಅದರಾಗ ಕಟ್ಟತೇನಿ. ಮೊದಲ ತಮ್ಮಗ ಅಂತ ಒಂದ ಕುಲಾವಿ ಹೊಲದಿದ್ದೆ, ಅದನ್ನ ಇಡತಿದ್ದೆ. ಅವನ ತಲಿ ದೊಡ್ಡದಾತು, ಕುಲಾವಿ ಹರದ ಹೋತು. ಈಗ ಇಕಿ ಹುಟ್ಟಿದಾಗಿಂದ ಇಕಿಗೊಂದು ಪರಕಾರ ಹೊಲದು ಇಡತೇನಿ. ಹಬ್ಬ ಆದ ಮ್ಯಾಲ ಬಿಚ್ಚತೇನಿ. ನಮ್ಮ ಮನಿಯವ್ರು ನಗತಾರ, 'ನಿನ್ನ ಗಂಟಿಗೆ ಕಾಲ ಬಂದು ಅದಽ ಗೋಕಾಕಕ್ಕ ಹೋದೀತು' ಅಂತಾರ."

"ನಾ ಇವರಿಗೆ ಹೇಳತೇನ್ರಿ."

"ಹೇಳಬ್ಯಾಡ!" ಹಿಟ್ಟಿನ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದರು. "ಹೇಳಿ ಕರಿಸಿಕೊಂಡ್ರ ಅದು ಕರದಂಗಲ್ಲ, ಬೇಡಿದಂಗ. ಇಷ್ಟ ದಿನಾ ಬೇಡಿಲ್ಲ."

ನಾನು ಹೂಂ ಎಂದೆ. ಇವರು ಬಂದು ನಮ್ಮನ್ನು ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಇವರ ಮುಖ ನೋಡಿದೆ. ಹೇಳಲೋ ಬಿಡಲೋ. ಹೇಳಿದರೆ ಅಕ್ಕನ ಮಾನ ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಪಂಚಮಿ ಹೋಗುತ್ತದೆ. ಹೀಗೆ ಯೋಚಿಸುವುದರಲ್ಲೇ ಬೇಸಿಗೆ ಹೋಯಿತು, ಮಳೆ ಬಂತು, ಹೊಳೆಯ ನೀರು ಕೆಂಪಾಯಿತು. ಶ್ರಾವಣ ಬಂದಾಗ ಇವರಿಗೆ ಮತ್ತೆ ಹುಕ್ಕೇರಿಯ ಕೆಲಸ. ಹಬ್ಬದ ಹೊತ್ತಿಗೆ ಬರುತ್ತೇನೆ ಎಂದು ಹೋದರು.

ಇಂದು ಮುಂಜಾನೆ ನಮ್ಮ ಓಣಿಯ ದೊಡ್ಡ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ನಾಳೆ ರೊಟ್ಟಿ ಹಬ್ಬ, ಮನೆಯಿಂದ ಮನೆಗೆ ರೊಟ್ಟಿ ಪಲ್ಯ ಹೋಗುವ ದಿನ. ಆ ಮೇಲೆ ನಾಗಪ್ಪನಿಗೆ ಹಾಲು. ನಾನು ಎಳ್ಳು ಹುರಿಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಏರುತ್ತಿದ್ದರು, ಕಿರುಚುತ್ತಿದ್ದರು. ಗೌರಾ ಹಿಂದೆ ನಿಂತು ಜೀಕುತ್ತಿದ್ದಳು. ಒಬ್ಬಳನ್ನು ಜೀಕಿದಳು, ಇನ್ನೊಬ್ಬಳನ್ನು ಜೀಕಿದಳು. ರಾಜಮತಿಬಾಯಿಯ ಮಗಳು ಇಳಿದು, "ಗೌರಾ, ಈಗ ನಿನ್ನ ಪಾಳಿ, ಏರು" ಎಂದಳು.

ಗೌರಾ ಕೈ ಹಿಂದೆ ಕಟ್ಟಿಕೊಂಡಳು. ಜೋಕಾಲಿಯ ಕಡೆ ನೋಡಲೂ ಇಲ್ಲ.

"ನಂದು ಆತು" ಎಂದಳು.

ಆಗಿರಲಿಲ್ಲ. ನಾನು ಮೊದಲಿಂದ ನೋಡುತ್ತಿದ್ದೆ. ಆಗಿರಲಿಲ್ಲ.

ಅರ್ಧ ಹುರಿದ ಎಳ್ಳನ್ನು ಒಲೆಯಿಂದ ಕೆಳಗಿಟ್ಟೆ. ಕಾಗದ ಬರೆದರೆ ಹಬ್ಬ ಮುಗಿದ ಮೇಲೆ ಮುಟ್ಟುತ್ತದೆ. ಗೌರಾನ ಕೈ ಹಿಡಿದುಕೊಂಡು ಸೀದಾ ಪೇಟೆಗೆ, ಜಿನಪ್ಪನವರ ಅಂಗಡಿಗೆ ನಡೆದೆ. ಅವರ ಅಂಗಡಿಯಲ್ಲಿ ಈ ವರ್ಷ ಟೆಲಿಫೋನು ಬಂದಿದೆ. ನಾನು ಅದನ್ನು ಒಮ್ಮೆಯೂ ಮುಟ್ಟಿದವಳಲ್ಲ. ಹೆಂಗಸೊಬ್ಬಳು ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಬಂದದ್ದು ನೋಡಿ ಅರಳೆ ಮೂಟೆಯ ಮೇಲೆ ಕೂತ ರೈತರೆಲ್ಲ ಎದ್ದರು.

"ಏನ್ರಿ ಬಾಯಾರ, ಎಲ್ಲಾ ಆರಾಮ?" ಎಂದರು ಜಿನಪ್ಪನವರು.

"ಹುಕ್ಕೇರಿ ಕಚೇರಿಗೆ ಮಾತಾಡಬೇಕ್ರಿ."

ಅವರು ಹಿಡಿ ತಿರುಗಿಸಿದರು, ಕೂಗಿದರು, ಕಾದರು, ಮತ್ತೆ ಕೂಗಿದರು. ಕೊನೆಗೆ ಕೊಳವೆಯನ್ನು ನನ್ನ ಕೈಗಿತ್ತು, "ಜೋರಾಗಿ ಒದರ್ರಿ, ಹುಕ್ಕೇರಿ ಭಾಳ ಕಿವುಡೈತಿ" ಎಂದರು.

ಒಳಗೆ ಗಾಳಿ ಬೀಸುವ ಸದ್ದು. ಅದರ ಆಚೆ ಇವರ ದನಿ, ತೆಳ್ಳಗೆ: "ಗೌರಾಗ ಏನಾತು?"

"ಏನೂ ಆಗಿಲ್ರಿ. ಆರಾಮದಾಳ. ಇಲ್ಲೇ ಬಾಜೂ ನಿಂತಾಳ."

"ಮತ್ಯಾಕ ಫೋನು? ಸತ್ತವರ ಸುದ್ದಿಗೆ ಮಾಡತಾರ ಫೋನು! ನನ್ನ ಕೈಕಾಲ ತಣ್ಣಗಾಗ್ಯಾವು."

"ನೀವು ಕಣಗಲಾಕ್ಕ ಹೋಗ್ರಿ. ಅಕ್ಕಾರನ್ನ ಪಂಚಮಿಗೆ ಕರಕೊಂಡು ಬರ್ರಿ."

"ಆಕಿ ಒಲ್ಲೆ ಅಂತಾಳ."

"ಅನ್ನಲಿ. ಇನ್ನೊಮ್ಮೆ ಕರೀರಿ."

"ಹೊಲದಾಗ ಕಳೆ ಐತಿ ಅಂತಾಳ."

"ಕಳೆ ಇಲ್ರಿ! ಎಂದೂ ಇದ್ದಿಲ್ಲ!" ಅಂಗಡಿಯವರೆಲ್ಲ ನನ್ನತ್ತ ತಿರುಗಿದರು. ನನಗೆ ನಾಚಿಕೆಯೂ ಆಗಲಿಲ್ಲ. "ಬಾಗಲ ಹಿಂದ ನೋಡ್ರಿ. ಗೂಟಕ್ಕ ಗಂಟ ಇರತೈತಿ. ನೀವು ಇನ್ನೊಮ್ಮೆ ಕರೀತೀರಿ ಅಂತ ಪ್ರತಿ ವರ್ಷಾ ಕಟ್ಟತಾರ. ಹಬ್ಬ ಮುಗದ ಮ್ಯಾಲ ಬಿಚ್ಚತಾರ. ಮೊದಲ ನಿಮ್ಮ ಕುಲಾವಿ ಇತ್ತಂತ ಅದರಾಗ."

"ಯಾವ ಕುಲಾವಿ?"

"ನಿಮಗಂತ ಹೊಲದದ್ದು. ಕರ್ಯಾಕ ಯಾರೂ ಬರಲಿಲ್ಲ. ಅದು ಹರದ ಹೋತು."

ಜಿನಪ್ಪನವರು, "ಲೈನ ಕಟ್ಟಾತೇನ್ರಿ?" ಎಂದು ಸನ್ನೆ ಮಾಡಿದರು. ಇಲ್ಲ ಎಂದು ತಲೆಯಾಡಿಸಿದೆ. ಉಸಿರು ಕೇಳಿಸುತ್ತಿತ್ತು.

"ಪ್ರತಿ ವರ್ಷಾ?" ಎಂದರು ಇವರು.

"ಪ್ರತಿ ವರ್ಷಾ."

"ನನಗ ಗೊತ್ತಿದ್ದಿಲ್ಲ. ಒಲ್ಲೆ ಅಂದ್ಲು ಅಂತ..." ಮೂವತ್ತು ದಾಟಿದ ಗಂಡಸು, ಕೋರ್ಟಿನಲ್ಲಿ ಎಲ್ಲರ ಜಗಳ ಬರೆದುಕೊಳ್ಳುವವರು, ಆಮೇಲೆ ನನ್ನನ್ನು ಕೇಳಿದರು, "ಹೋಗಿ ಆಕಿ ಮುಂದ ನಿಂತು... ಮೊದಲ ಏನನ್ನಲಿ?"

ನನಗೆ ಯೋಚಿಸುವುದೇ ಬೇಕಾಗಲಿಲ್ಲ.

"ಅಕ್ಕಾ, ಹಸಿವ್ಯಾಗೇತಿ, ರೊಟ್ಟಿ ಕೊಡು ಅನ್ರಿ."

ಆ ಕಡೆ ಏನೋ ಸದ್ದಾಯಿತು, ಕೆಮ್ಮಿದಂತೆ. ಗೌರಾ ನನ್ನ ಸೆರಗು ಹಿಡಿದು ಕತ್ತು ಎತ್ತಿ ಕೊಳವೆಯನ್ನೇ ನೋಡುತ್ತಿದ್ದಳು. ನಾನು ಬಗ್ಗಿ, ಅವಳ ಕಿವಿಗೂ ನನ್ನ ಕಿವಿಗೂ ನಡುವೆ ಅದನ್ನು ಹಿಡಿದೆ.

"ಅಕ್ಕಾ..." ಎಂದಿತು ಇವರ ದನಿ. ನಿಂತಿತು. ಸಾಲಿಯಲ್ಲಿ ಪಾಠ ಒಪ್ಪಿಸಲು ಎದ್ದು ನಿಂತ ಹುಡುಗನ ದನಿ. "ಅಕ್ಕಾ, ಹಸಿವ್ಯಾಗೇತಿ."

"ಕೇಳಸಲಿಲ್ರಿ" ಎಂದೆ. ಚೆನ್ನಾಗಿಯೇ ಕೇಳಿಸಿತ್ತು. "ಇನ್ನೊಮ್ಮೆ ಅನ್ರಿ."